ಚಿಗುರಿನ ಹಸಿರು, ಬೇರಿನ ಬಲ: ಮಂಡ್ಯ ಸೀಮೆಯ ಹಿಪ್ಪುನೇರಳೆ ಸಸಿಮಡಿಯಲ್ಲಿ ನೀರಿನ ನಿರ್ವಹಣೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು, ಭತ್ತಗಳ ಜೊತೆಗೆ ರೇಷ್ಮೆಯೂ ನೆಲೆಯೂರಿದ ಕಸುಬು. ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆ ಬೀಜದಿಂದ ಹುಟ್ಟಿದರೆ ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಕಣ್ವ-2, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೊಟ್ಟ ವಿ-1 ಮುಂತಾದ ತಳಿಗಳನ್ನು ಕಡ್ಡಿಯಿಂದಲೇ ಬೆಳೆಸುತ್ತಾರೆ. ಆರರಿಂದ ಎಂಟು ತಿಂಗಳು ಬಲಿತ ರೆಂಬೆಯಿಂದ 3–4 ಕಣ್ಣುಗಳಿರುವ, 15–20 ಸೆಂ.ಮೀ. ಉದ್ದದ ತುಂಡುಗಳನ್ನು ಕತ್ತರಿಸಿ, ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ಸಸಿಮಡಿಯಲ್ಲಿ ಓರೆಯಾಗಿ ಊರುವುದು ರೂಢಿ. ಹೀಗೆ ಊರಿದ ಕಡ್ಡಿ ಬೇರು ಬಿಡುವವರೆಗೆ ಹಸಿರಾಗಿ ಉಳಿಯಬೇಕಾದರೆ ನೀರು ಸುರಿಯುವುದಕ್ಕಿಂತ ಎಲೆಯಿಂದ ಆವಿಯಾಗುವ ನೀರನ್ನು ತಗ್ಗಿಸುವುದು, ಮಣ್ಣಿನೊಳಗೆ ಗಾಳಿಯಾಡುವಂತೆ ನೋಡಿಕೊಳ್ಳುವುದು ಮುಖ್ಯ ಎಂಬುದು ಈ ಲೇಖನದ ವಾದ.

ಕಡ್ಡಿಯ ಕಣ್ಣು ಒಡೆಯಲು ಬೇರು ಬೇಕಿಲ್ಲ. ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಮತ್ತು ನೀರಿನಿಂದಲೇ ಮೊದಲ ಎಲೆಗಳು ಬಿಚ್ಚಿಕೊಳ್ಳುತ್ತವೆ. ಎಲೆ ಬಿಚ್ಚಿದ ಕ್ಷಣದಿಂದ ನೀರು ಆವಿಯಾಗಿ ಹೋಗತೊಡಗುತ್ತದೆ. ಅದನ್ನು ತುಂಬಿಕೊಡುವ ಬೇರು ಇನ್ನೂ ಮೂಡಿರುವುದಿಲ್ಲ. ಈ ಅಂತರದಲ್ಲಿ ಕಾಣುವ ಹಸಿರು ಕೂಡಿಟ್ಟ ಗಂಟನ್ನು ಕರಗಿಸಿ ನಡೆಸಿದ ಸಂಸಾರದಂತೆ. ಚಿಗುರಿ ನಗುತ್ತಿದ್ದ ಕಡ್ಡಿಗಳು ಕೆಲವೇ ವಾರಗಳಲ್ಲಿ ಸೊರಗಿ ಒಣಗುವುದಕ್ಕೆ ಮುಖ್ಯ ಕಾರಣ ಇದೇ. ಬಿತ್ತನೆ ಕಬ್ಬಿನ ತುಂಡಿನಲ್ಲೂ ಮೊದಲು ಗೆಣ್ಣಿನಿಂದ ತಾತ್ಕಾಲಿಕ ಬೇರು ಹೊರಟು, ಬೆಳೆಯನ್ನು ಹೊರುವ ಬೇರು ಹೊಸ ಮೊಳಕೆಯ ಬುಡದಿಂದ ಆಮೇಲೆ ಬರುತ್ತದೆ. ಎರಡು ಬೆಳೆಗಳಲ್ಲೂ ಮೊದಲ ಹಸಿರನ್ನು ನೋಡಿ ಗಿಡ ನೆಲೆ ನಿಂತಿತೆಂದು ತೀರ್ಮಾನಿಸುವಂತಿಲ್ಲ.

ಹಾಗಾದರೆ ಹೆಚ್ಚು ನೀರು ಕೊಟ್ಟರೆ ಆಯಿತಲ್ಲ ಎಂಬ ಆಕ್ಷೇಪ ನಾಲೆಯ ಸೀಮೆಯಲ್ಲಿ ಸಹಜ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಹಾಯಿಸುವುದು ಸುಲಭ, ಬಸಿಯುವುದು ಕಷ್ಟ. ಮಣ್ಣಿನ ರಂಧ್ರಗಳಲ್ಲಿ ನೀರು ನಿಂತರೆ ಆಮ್ಲಜನಕ ಒಳಗಿಳಿಯದು. ಕತ್ತರಿಸಿದ ತುದಿಯ ಜೀವಕೋಶಗಳು ಉಸಿರಾಡಲಾಗದೆ ಬೇರು ಹುಟ್ಟುವ ಮೊದಲೇ ಸಾಯುತ್ತವೆ. ಹಿಪ್ಪುನೇರಳೆ ಸಸಿಮಡಿಯಲ್ಲಿ ಕಾಣುವ ಕಾಂಡ ಕೊಳೆ, ಬುಡ ಕೊಳೆ ರೋಗಗಳು ಶಿಲೀಂಧ್ರಗಳಿಂದ ಬರುವಂಥವು. ಸೊರಗಿದ ಕಡ್ಡಿ ಅವಕ್ಕೆ ಬೇಗ ತುತ್ತಾಗುತ್ತದೆ. ಆದ್ದರಿಂದ ಎರೆ ಮಣ್ಣಿನಲ್ಲಿ ಮಡಿಯನ್ನು ಎತ್ತರಿಸಿ, ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುವುದು ಅಗತ್ಯ. ನಾಲೆ ನೀರು ತಲುಪದ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಅಲ್ಲಿ ನೆರಳು ಮತ್ತು ತರಗಿನ ಹೊದಿಕೆಗೆ ಹೆಚ್ಚು ಬೆಲೆ. ಎರಡೂ ಕಡೆಗೆ ಒಂದೇ ನೀರಿನ ಲೆಕ್ಕ ಹೊಂದದು.

ಎಲೆಯೇ ತೊಂದರೆ ಎಂದಾದರೆ ಚಿಗುರನ್ನು ಚಿವುಟಬಾರದೇಕೆ ಎಂಬುದು ಇನ್ನೊಂದು ಪ್ರಶ್ನೆ. ಬೇರನ್ನು ಪ್ರಚೋದಿಸುವ ಆಕ್ಸಿನ್ ಚಿಗುರು, ಎಳೆ ಎಲೆಗಳಲ್ಲಿ ತಯಾರಾಗಿ ಕೆಳಗಿಳಿಯುತ್ತದೆ. ಎಲೆ ತಯಾರಿಸುವ ಸಕ್ಕರೆಯೂ ಬೇರಿಗೆ ಬೇಕು. ಆದ್ದರಿಂದ ಚಿಗುರನ್ನು ಉಳಿಸಿ, ಅದರ ಮೇಲಿನ ಬಿಸಿಲು, ಗಾಳಿಯ ಹೊಡೆತವನ್ನು ತೆಳು ಚಪ್ಪರದಿಂದ ತಡೆಯುವುದೇ ಸರಿ. ಬೇರು ಹಿಡಿದ ಮೇಲೆ ಚಪ್ಪರವನ್ನು ಹಂತಹಂತವಾಗಿ ತೆಗೆಯಬೇಕು. ಬೇರಿಲ್ಲದಾಗ ಯೂರಿಯಾ ಕೊಟ್ಟು ಹಸಿರು ಹೆಚ್ಚಿಸಲು ಹೊರಟರೆ ಹೀರಿಕೊಳ್ಳುವ ಅಂಗವೇ ಇಲ್ಲದ ಕಡ್ಡಿಗೆ ಅದು ದಕ್ಕದು. ವಿ-1 ಹೇಗೂ ಸುಲಭವಾಗಿ ಬೇರು ಬಿಡುವ ತಳಿಯಲ್ಲವೇ ಎನ್ನಬಹುದು. ತಳಿಯ ಆ ಶಕ್ತಿ ಫಲಿಸುವುದು ಬಲಿತ ಕಡ್ಡಿ ಮತ್ತು ನೀರು ಬಸಿಯುವ ಮಡಿಯಲ್ಲಿ ಮಾತ್ರ. ಎಳೆಯ ಕಡ್ಡಿ, ಜೌಗು ಮಡಿಗಳ ದೋಷವನ್ನು ಯಾವ ತಳಿಯೂ ಮುಚ್ಚಲಾರದು.

ಈ ಸೀಮೆಯ ಸಸಿಮಡಿಗಳ ಗುಣಮಟ್ಟವನ್ನು ಚಿಗುರಿದ ಕಡ್ಡಿಗಳ ಎಣಿಕೆಯಿಂದ ಅಳೆಯುವುದು ತಪ್ಪು. ಮೂರು–ನಾಲ್ಕು ತಿಂಗಳ ಸಸಿ ಕೊಳ್ಳುವ ರೈತ ಕೆಲವನ್ನಾದರೂ ಕಿತ್ತು ಬೇರಿನ ಸಂಖ್ಯೆ, ಬಣ್ಣ, ಹರಹು ನೋಡಿಯೇ ಬೆಲೆ ಕಟ್ಟಬೇಕು.