ಮೈಸೂರು ಸಂಸ್ಥಾನದ ಗಂಧದೆಣ್ಣೆ ಉದ್ಯಮ

ಪ್ರಯೋಗಾಲಯದ ವಿದ್ಯೆಯಿಂದ ನಾಡಿನ ಆದಾಯ ಹೆಚ್ಚಿದ್ದಕ್ಕೆ ಭಾರತದ ಆರ್ಥಿಕ ಚರಿತ್ರೆಯಲ್ಲಿ ಸಿಗುವ ಅತಿ ಸ್ಪಷ್ಟ ನಿದರ್ಶನಗಳಲ್ಲಿ ಇದೊಂದು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ ಎಂಬ ಕಟ್ಟಳೆ ಮುಂದಿನ ಆಡಳಿತಗಳಲ್ಲೂ ಉಳಿಯಿತು. ಅರಣ್ಯ ಇಲಾಖೆ ಮರವನ್ನು ಬೇರುಸಹಿತ ಕಿತ್ತು, ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದು, ಚೇಗನ್ನು ಗಂಧದ ಕೋಠಿಗಳಲ್ಲಿ ಹರಾಜು ಹಾಕುತ್ತಿತ್ತು. ಅದರ ದೊಡ್ಡ ಪಾಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಪ್ರತಿಜೀವಕಗಳಿಲ್ಲದ ಆ ಕಾಲದಲ್ಲಿ ಈ ಎಣ್ಣೆ ಸುಗಂಧದ್ರವ್ಯವಷ್ಟೇ ಅಲ್ಲ, ಮೂತ್ರನಾಳದ ಸೋಂಕಿಗೆ ಔಷಧವೂ ಆಗಿತ್ತು. ಮೈಸೂರಿಗೆ ದಕ್ಕುತ್ತಿದ್ದುದು ಕಟ್ಟಿಗೆಯ ಬೆಲೆ ಮಾತ್ರ.

1914ರಲ್ಲಿ ಮಹಾಯುದ್ಧ ಆರಂಭವಾಗಿ ಈ ವ್ಯಾಪಾರ ನಿಂತಿತು, ಕೋಠಿಗಳಲ್ಲಿ ಗಂಧ ಉಳಿದುಹೋಯಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ, ಕೈಗಾರಿಕೆಯ ಹೊಣೆ ಹೊತ್ತಿದ್ದವರು ಆಲ್ಫ್ರೆಡ್ ಚ್ಯಾಟರ್ಟನ್. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಭಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. ಕೆಲಸ ಸುಲಭದ್ದಲ್ಲ. ಮರವನ್ನು ಪುಡಿ ಮಾಡಿ ಹಬೆ ಹಾಯಿಸಿದರೂ ಎಣ್ಣೆ ಬಹಳ ನಿಧಾನವಾಗಿ ಇಳಿಯುತ್ತದೆ. ಔಷಧಕ್ಕೆ ಸಲ್ಲಬೇಕಾದರೆ ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ನಿಗದಿತ ಮಟ್ಟದಲ್ಲಿರಬೇಕಿತ್ತು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆಗಳು ಎದ್ದವು. ಎಣ್ಣೆ ಕೈಗೆ ಬಂದ ಮೇಲೆ ಸಾಬೂನಿನ ದಾರಿಯೂ ತೆರೆಯಿತು. ವಿದೇಶದಲ್ಲಿ ತರಬೇತಿ ಪಡೆದ ಎಸ್. ಜಿ. ಶಾಸ್ತ್ರಿಯವರ ಪರಿಣತಿಯಿಂದ ಮೈಸೂರು ಸ್ಯಾಂಡಲ್ ಸೋಪ್ ಬಂತು.

ಇದು ಯುದ್ಧ ತಂದ ಅದೃಷ್ಟ ಎನ್ನುವುದು ಅರ್ಧ ಸತ್ಯ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತ್ತು. 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆಗೆ ಜಮೀನು ಕೊಟ್ಟದ್ದು ಮೈಸೂರು ಸರ್ಕಾರ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಈ ಸಿದ್ಧತೆ ಇಲ್ಲದಿದ್ದರೆ ಗಂಧ ಕೋಠಿಯಲ್ಲೇ ಬಿದ್ದಿರುತ್ತಿತ್ತು.

ಮರ ಬೆಳೆಸುವ ವಿದ್ಯೆಗೆ ಇಷ್ಟೇ ಆಸ್ಥೆ ದೊರೆಯದಿದ್ದುದು ದೊಡ್ಡ ಲೋಪ. 1899ರಲ್ಲೇ ಕೊಡಗಿನಲ್ಲಿ ಗುರುತಿಸಲಾದ ಸ್ಪೈಕ್ ರೋಗ ಅಪಾರ ಮರಗಳನ್ನು ಕೊಂದಿತು, ಕಳ್ಳಸಾಗಣೆ ಉಳಿದುದನ್ನು ಕರಗಿಸಿತು. ತನ್ನದಲ್ಲದ ಮರವನ್ನು ಕಾಪಾಡಲು ರೈತನಿಗೆ ಕಾರಣವೇ ಇರಲಿಲ್ಲ. ಜಮೀನಿನ ಒಡೆಯನೇ ಗಂಧದ ಮರಕ್ಕೂ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ.