ಅರ್ಧ ಮಿಲಿಮೀಟರ್ ತೇಗ

ಮಂಗಳೂರಿನ ಫರ್ನಿಚರ್ ಅಂಗಡಿಯಲ್ಲಿ ಹೊಳೆಯುವ ಕಪಾಟು ತೋರಿಸಿ ‘ಇದು ತೇಗ’ ಅಂತಾರೆ. ಅದರ ಬಾಗಿಲು ತೆರೆದು ಅಂಚು ನೋಡಿ. ಎಷ್ಟೋ ಸಲ ತೇಗ ಇರುವುದು ಮೇಲ್ಗಡೆ ಮಾತ್ರ, ಸುಮಾರು ಅರ್ಧ ಮಿಲಿಮೀಟರ್. ಅದಕ್ಕೆ ವಿನೀರ್ ಅಂತ ಹೆಸರು. ಒಳಗೆ ಭಾರ ಹೊತ್ತು ನಿಂತದ್ದು ಬೇರೆ ಮರ. ಅದರ ಹೆಸರು ಯಾರೂ ಕೇಳುವುದಿಲ್ಲ.

ಇದನ್ನು ಮೋಸ ಅನ್ನಲಾರೆ. ದಿಮ್ಮಿಯನ್ನು ಬಿಸಿನೀರಲ್ಲಿ ಮೆದುಮಾಡಿ ಉದ್ದನೆಯ ಅಲಗಿನಿಂದ ಹಾಳೆ ಹಾಳೆಯಾಗಿ ಸೀಳುತ್ತಾರೆ. ಗರಗಸದ ಬಾಯಿಗೆ ಹುಡಿಯಾಗಿ ಹೋಗುವ ಮರ ಉಳಿಯುತ್ತದೆ. ಒಂದಿಂಚು ದಪ್ಪದ ಮರದಲ್ಲಿ ಹೆಚ್ಚುಕಡಿಮೆ 50 ಹಾಳೆ. ಅದನ್ನು ಪ್ಲೈವುಡ್ಡಿಗೆ ಅಂಟಿಸಿ, ಎಳೆಗೆ ಎಳೆ ಹೊಂದಿಸಿ, ಅಂಚಿಗೆ ಗಟ್ಟಿಮರದ ಪಟ್ಟಿ ಕೂರಿಸಿ, ಎಳೆ ಹೋದ ದಿಕ್ಕಿಗೇ ಹಗುರವಾಗಿ ಮರಳು ಕಾಗದ ಉಜ್ಜಬೇಕು. ಕೈ ಸ್ವಲ್ಪ ಭಾರವಾದರೂ ತೇಗ ಸವೆದು ಅಡಿಯ ಮರ ಇಣುಕುತ್ತದೆ. ಆಚಾರಿಯ ಕಸುಬು ಗೊತ್ತಾಗುವುದೇ ಅಲ್ಲಿ.

ನಮ್ಮ ಪ್ರಶ್ನೆ ಬೇರೆ. ಹಡಗು ಕಟ್ಟುತ್ತಿದ್ದ ಮರ ಅರ್ಧ ಮಿಲಿಮೀಟರಿಗೆ ಇಳಿದದ್ದು ಹೇಗೆ? ಕಾಡು ತಿಂದವರು ಯಾರು? ಕಳ್ಳರು ಅನ್ನಿಸಿಕೊಂಡವರು ಯಾರು?

1763ರಲ್ಲಿ ಮಂಗಳೂರು ಹೈದರನ ಕೈಸೇರಿದಾಗ ಇದು ಅವನ ನೌಕಾಪಡೆಯ ಬಂದರಾಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಊರೂ ಕಾಡೂ ಕಂಪನಿಯ ಪಾಲಾದವು. ಇಂಗ್ಲೆಂಡಿನ ಓಕ್ ಮರ ಹಡಗುಗಳಿಗೆ ಸಾಲದಾಗಿತ್ತು. 1806ರಲ್ಲಿ ಪಶ್ಚಿಮ ಕರಾವಳಿಯ ತೇಗಕ್ಕಾಗಿಯೇ ವಾಟ್ಸನ್ ಎಂಬ ಕ್ಯಾಪ್ಟನ್ನನನ್ನು ಅರಣ್ಯಾಧಿಕಾರಿ ಮಾಡಿದರು. ಅವನು ಪೊಲೀಸ್ ಅಧಿಕಾರಿ! ಮರುವರ್ಷವೇ ತೇಗದ ಮೇಲಿನ ಒಡೆತನ ಕಂಪನಿಯದು ಎಂಬ ಘೋಷಣೆ ಹೊರಟಿತು. ಜನರ ವಿರೋಧ ಬೆಳೆದು 1823ರಲ್ಲಿ ಆ ಹುದ್ದೆ ರದ್ದಾಯಿತು. ಆದರೆ ಆಸೆ ರದ್ದಾಗಲಿಲ್ಲ. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತೂ ತೇಲುತ್ತಿದೆ. ಅಲ್ಲಿ ಅದು ಮ್ಯೂಸಿಯಂ.

ಆಮೇಲೆ ರೈಲು ಬಂತು, ಹಳಿಯಡಿಗೆ ಮರ ಬೇಕಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರಿಗೆ ಅದು ಅನ್ನ ಕೊಟ್ಟಿತು, ಆ ಮಾತು ಮರೆಯಬಾರದು. ಆದರೆ ಹಂಚು ಸುಡಲು ಸೌದೆ ಬೇಕು, ಹಂಚು ಹೊರಲು ಪಕ್ಕಾಸು, ರೀಪು ಬೇಕು. ಅದೂ ಕಾಡಿನದೇ.

ಅಪರಾಧಿಗಳು ಮಾತ್ರ ಬೇರೆಯವರಾದರು. ಗುಡ್ಡದಲ್ಲಿ ಒಂದಿಷ್ಟು ಜಾಗ ಕಡಿದು ಸುಟ್ಟು ರಾಗಿ, ಭತ್ತ ಬೆಳೆದು ಮುಂದೆ ಸಾಗುತ್ತಿದ್ದ ಮಲೆಕುಡಿಯರು, ಮರಾಟಿ ನಾಯ್ಕರು ಕಾಡಿನ ವೈರಿಗಳಾದರು! 1860ರಲ್ಲಿ ಮದ್ರಾಸು ಸರ್ಕಾರ ಅಪ್ಪಣೆಯಿಲ್ಲದೆ ಕುಮರಿ ಕಡಿಯಕೂಡದು ಎಂದಿತು. 1882ರ ಮದ್ರಾಸು ಅರಣ್ಯ ಕಾಯ್ದೆ ಬೇಲಿ ಬಿಗಿಮಾಡಿತು. ಹಡಗುಗಟ್ಟಲೆ ಸಾಗಿಸಿದರೆ ವ್ಯಾಪಾರ, ಹೊಟ್ಟೆಗೆ ಕಡಿದರೆ ಕಳ್ಳತನ. ಈ ನ್ಯಾಯ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಇದು ಅನ್ಯಾಯ ಅಂತ ಪಾರ್ಲಿಮೆಂಟು ಕಾಯ್ದೆಯಲ್ಲೇ ಬರೆದು ಒಪ್ಪಿಕೊಂಡದ್ದು 2006ರಲ್ಲಿ.

1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು, ಅಪ್ಪಣೆಯಿಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಮರದ ಮಿಲ್ಲುಗಳನ್ನು ನಿಲ್ಲಿಸಿತು. ಆ ಆದೇಶ ವಿನೀರ್, ಪ್ಲೈವುಡ್ ಮಿಲ್ಲುಗಳ ಹೆಸರನ್ನೂ ಹಿಡಿದು ಹೇಳಿದೆ. ಒಂದು ಕಾಲಕ್ಕೆ ಮರ ಹೊರಗೆ ಕಳಿಸಿದ ಈ ಊರಿಗೆ ಈಗ ಪಣಂಬೂರಿನ ಬಂದರಲ್ಲಿ ಹೊರದೇಶದ ದಿಮ್ಮಿ ಬಂದಿಳಿಯುತ್ತದೆ. ತೇಗದ ದೊಡ್ಡ ಕಣಜವಾಗಿದ್ದ ಬರ್ಮಾ ಕೂಡ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ತೇಗ ತೆಳ್ಳಗಾದದ್ದು ಹೀಗೆ.

ಗುತ್ತಿನ ಮನೆಯ ಚಾವಡಿಗೆ ಕೊರಗರನ್ನು ಹತ್ತಿಸದ ನಾಡಿದು. ಆ ಚಾವಡಿಯ ಗತ್ತು ಈಗ ಹಾಳೆಯಾಗಿ ಕಂತಿನ ಮೇಲೆ ಸಿಗುತ್ತದೆ. ಗುಮಾಸ್ತರ ಮನೆಗೆ, ಮೇಷ್ಟರ ಮನೆಗೆ ತೇಗದ ಮೇಜು ಬಂದರೆ ಬರಲಿ, ಸಂತೋಷವೇ. ಆದರೆ ಅದನ್ನು ಉಜ್ಜಿದವನ ಎದೆಯೊಳಗೆ ಏನು ಹೋಯಿತು ಅಂತಲೂ ಕೇಳಬೇಕು. ಮರದ ಹುಡಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ 1995ರಲ್ಲೇ ಹೇಳಿದೆ. ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಬಗ್ಗೆ 2004ರಲ್ಲಿ ಅದೇ ಮಾತು ಹೇಳಿತು. ಹುಡಿ ಹೀರುವ ಯಂತ್ರವಿಲ್ಲದ ಶೆಡ್ಡಿನಲ್ಲಿ ಮೂಗಿಗೆ ಬೈರಾಸು ಕಟ್ಟಿಕೊಂಡ ಹುಡುಗನಿಗೆ ಇದನ್ನು ಹೇಳುವವರು ಯಾರು?

ಗೆಳೆಯರೇ, ಮೇಜು ಕೊಳ್ಳುವಾಗ ಮರ ಯಾವುದು ಅಂತ ಕೇಳುತ್ತೇವೆ. ಕಾಡು ಯಾರದಾಗಿತ್ತು, ಕೈ ಯಾರದು, ಆ ಕೈಗೆ ಕೂಲಿ ಎಷ್ಟು ಅಂತಲೂ ಕೇಳೋಣ. ಶಾಲೆಯಲ್ಲಿ ಹಡಗಿನ ಪಾಠ ಮಾಡುವ ಮೇಷ್ಟರು ಕುಮರಿಯ ಪಾಠವನ್ನೂ ಮಾಡಲಿ.