ನಮ್ಮವರ ಹೋಟೆಲುಗಳೂ ನಮ್ಮೂರ ಮಳಿಗೆಗಳೂ

ಅರಸುಮನೆತನಗಳ ಏಳುಬೀಳುಗಳನ್ನು ಶಾಸನಗಳು ತಿಳಿಸುತ್ತವೆ. ದೇವಾಲಯಗಳ ಪೂರ್ವೋತ್ತರವನ್ನು ಸ್ಥಳಪುರಾಣಗಳು ವಿವರಿಸುತ್ತವೆ. ಪೇಟೆಯ ಕೂಡುದಾರಿಯಲ್ಲಿರುವ ಬಾಡಿಗೆಯ ಮಳಿಗೆಯೊಂದರಲ್ಲಿ ಎಷ್ಟು ಮಂದಿ ಒಲೆ ಹೂಡಿದರು, ಎಷ್ಟು ಮಂದಿ ಕದ ಮುಚ್ಚಿ ಹೋದರು ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಆದರೂ ಊರಿನವರು ಏನನ್ನು ಉಂಡರು, ಯಾರೊಡನೆ ಕುಳಿತು ಉಂಡರು, ಯಾರ ದುಡಿಮೆಯಿಂದ ಉಂಡರು ಎಂಬ ವಿಷಯಗಳು ಚರಿತ್ರೆಗೆ ಹೊರಗಾದವುಗಳಲ್ಲ. ಹೋಟೆಲುಗಳ ಮೂಲಕವೇ ದೇಶದೇಶಾಂತರಗಳಲ್ಲಿ ಹೆಸರಾದ ಉಡುಪಿ ಸೀಮೆಯವರಾದ ನಾವು ಈ ವಿಷಯವನ್ನು ಅಲಕ್ಷಿಸುವುದು ಉಚಿತವಲ್ಲ. ಊರು ಬಿಟ್ಟು ಹೋದ ನಮ್ಮವರು ಕಟ್ಟಿದ ಹೋಟೆಲುಗಳಲ್ಲಿ ಕೆಲವು ನೂರು ವರ್ಷ ಬಾಳಿವೆ. ಹೂಡೆಯಂತಹ ಸಣ್ಣ ಪೇಟೆಗಳಲ್ಲಾದರೋ ಹಲಗೆಯ ಬಣ್ಣ ಮಾಸುವುದಕ್ಕೆ ಮೊದಲೇ ಹೋಟೆಲು ಕೈಬದಲಾಗುವುದುಂಟು. ಇದಕ್ಕೆ ಕಾರಣವೇನು, ಪರಿಹಾರವುಂಟೆ ಎಂಬುದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶ.

ಕೈಬದಲಾಗುವುದು ತಾನಾಗಿ ಕೆಡುಕಲ್ಲವೆಂಬುದಕ್ಕೆ ನಮ್ಮ ಶ್ರೀಕೃಷ್ಣಮಠವೇ ನಿದರ್ಶನ. ಶ್ರೀ ಮಧ್ವಾಚಾರ್ಯರಿಂದ ಏರ್ಪಟ್ಟ ಎಂಟು ಮಠಗಳು ಮೊದಲು ಎರಡೆರಡು ತಿಂಗಳಂತೆ ಪೂಜೆಯ ಅಧಿಕಾರವನ್ನು ವಹಿಸುತ್ತಿದ್ದುವು. ಶ್ರೀ ವಾದಿರಾಜರು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. 1522ರಲ್ಲಿ ಆ ಕ್ರಮವು ಮೊದಲಾಯಿತೆಂದು ಸಂಪ್ರದಾಯವು ಹೇಳುತ್ತದೆ. ಅಂದಿನಿಂದ ಅಲ್ಲಿಯ ಪಾಕಶಾಲೆಯು ಎರಡು ವರ್ಷಗಳಿಗೊಮ್ಮೆ ಒಂದು ಮಠದಿಂದ ಮತ್ತೊಂದು ಮಠಕ್ಕೆ ಹೋಗುತ್ತಲೇ ಇದೆ. ಆದರೂ ಊಟದ ಪಂಕ್ತಿಯು ತಪ್ಪಿಲ್ಲ. ಸರದಿಯು ಬರುವುದಕ್ಕೆ ಬಹು ಮುಂಚಿತವಾಗಿಯೇ ಬಾಳೆ ಮುಹೂರ್ತ ನಡೆಯುತ್ತದೆ. ತರುವಾಯ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಕ್ರಮವಾಗಿ ಬರುತ್ತವೆ. ಎಲೆ, ಅಕ್ಕಿ, ಸೌದೆ ಇವೆಲ್ಲವೂ ಸಂಗ್ರಹವಾದ ಮೇಲೆಯೇ ಅಕ್ಷಯಪಾತ್ರೆಯೂ ಸಟ್ಟುಗವೂ ಹಸ್ತಾಂತರವಾಗುವುದು. ಬರುವವನಿಗೆ ಸಿದ್ಧತೆಯ ಅವಧಿಯುಂಟು, ಹೋಗುವವನಿಗೆ ಗೌರವವುಂಟು. ಪೇಟೆಯ ಮಳಿಗೆಯಲ್ಲಿ ಈ ಎರಡೂ ಇಲ್ಲದಿರುವುದೇ ಕಷ್ಟ. ಅಲ್ಲಿ ಒಬ್ಬನು ಸಾಲ ಹೊತ್ತು ಹೊರಬೀಳುತ್ತಾನೆ. ಮತ್ತೊಬ್ಬನು ಸಾಲ ಹೊತ್ತು ಒಳಬರುತ್ತಾನೆ.

ಮಠದ ಪಾಕಶಾಲೆಯಲ್ಲಿಯೂ ಮನೆಯ ಒಲೆಯ ಬದಿಯಲ್ಲಿಯೂ ಪಳಗಿದ ಕೈಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಟ್ಟಣಗಳತ್ತ ಹೊರಟುವು. ಹಿಸ್ಸೆಯಾಗಿ ಕಿರಿದಾದ ಗದ್ದೆಯು ದೊಡ್ಡ ಸಂಸಾರಗಳನ್ನು ಸಾಕಲಾರದೆ ಹೋದುದು ಒಂದು ಕಾರಣ. ಮುಂದೆ 1974ರಲ್ಲಿ ಗೇಣಿಯ ಕಾನೂನು ಜಾರಿಗೆ ಬಂದು ಭೂಮಿಯು ಒಕ್ಕಲುಗಳಿಗೆ ಸೇರಿದ ಮೇಲೆ, ಗೇಣಿಯಿಂದಲೇ ಬಾಳುತ್ತಿದ್ದ ಮನೆಗಳಿಂದಲೂ ಅನೇಕರು ಇದೇ ದಾರಿಯನ್ನು ಹಿಡಿದರು. ಕಡಂದಲೆಯ ಕೃಷ್ಣರಾಯರು ಮದರಾಸಿಗೆ ಹೋಗಿ, ಅಡುಗೆಮನೆಯ ಕೀಳು ಕೆಲಸಗಳಿಂದ ಮೊದಲುಮಾಡಿ, ಸ್ವಂತ ಹೋಟೆಲುಗಳನ್ನು ನಡೆಯಿಸುವಂತಾದರು. 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಗೇಣಿಗೆ ಹಿಡಿದು ‘ವುಡ್‌ಲ್ಯಾಂಡ್ಸ್’ ಹೋಟೆಲನ್ನು ತೆರೆದರು. ಆ ಹೆಸರು ಬಂಗಲೆಯದು. 1952ರಲ್ಲಿ ಅವರು ಬೇರೆ ಕಡೆಯಲ್ಲಿ ‘ನ್ಯೂ ವುಡ್‌ಲ್ಯಾಂಡ್ಸ್’ ಹೋಟೆಲನ್ನು ಸ್ಥಾಪಿಸಿದಾಗ ಹೆಸರೂ ಅವರ ಹಿಂದೆಯೇ ಬಂದಿತು. 1962ರಲ್ಲಿ ಮೊದಲಾದ ಅವರ ‘ಡ್ರೈವ್ ಇನ್’ ಹೋಟೆಲಿನಲ್ಲಿ ಮದರಾಸಿನ ಎರಡು ತಲೆಮಾರುಗಳು ಕಾಫಿ ಕುಡಿದುವು. ನೆಲವು ಪರಾಧೀನವಾದುದರಿಂದ 2008ರಲ್ಲಿ ಅದು ಮುಚ್ಚಿಹೋಗಿ ಆ ಸ್ಥಳದಲ್ಲಿ ಉದ್ಯಾನವನವು ಬಂದಿತು. ಕೀರ್ತಿವಂತ ಹೋಟೆಲಿಗೂ ನೆಲದೊಡೆಯನ ಹಂಗು ತಪ್ಪಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬುದನ್ನು ತೆರೆದರು. ಅದೇ ಇಂದಿನ ‘ಮಾವಳ್ಳಿ ಟಿಫಿನ್ ರೂಮ್ಸ್’. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’ ಎಂಬ ಊಟದ ಮನೆಯನ್ನು ಸ್ಥಾಪಿಸಿದರು. ಈ ಮೂವರ ವಿಷಯದಲ್ಲಿಯೂ ಒಂದು ಸಮಾನ ಧರ್ಮವು ಕಾಣುತ್ತದೆ. ಇವರ ಗಿರಾಕಿಗಳಲ್ಲಿ ಬಹುಭಾಗವು ಮನೆಯಿಂದ ದೂರ ಬಂದವರು: ಗುಮಾಸ್ತರು, ವಿದ್ಯಾರ್ಥಿಗಳು, ಯಾತ್ರಿಕರು, ಒಂಟಿ ಬಿಡಾರದವರು. ಅವರಿಗೆ ಹೋಟೆಲು ವಿಲಾಸವಾಗಿರಲಿಲ್ಲ, ನಿತ್ಯದ ಅನ್ನವಾಗಿತ್ತು.

ಬಸವನಗುಡಿಯ ಗಾಂಧಿಬಜಾರಿನ ‘ವಿದ್ಯಾರ್ಥಿ ಭವನ’ದ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಸಾಲಿಗ್ರಾಮದ ಕಡೆಯ ವೆಂಕಟರಮಣ ಉರಾಳರು 1943ರಲ್ಲಿ ವಿದ್ಯಾರ್ಥಿಗಳಿಗಾಗಿ ತೆರೆದ ಈ ಸಣ್ಣ ತಿಂಡಿಯ ಮನೆಯು ಬಳಿಕ ಅವರ ಸೋದರ ಪರಮೇಶ್ವರ ಉರಾಳರ ಕೈಸೇರಿತು. 1970ರಲ್ಲಿ ಕುಂದಾಪುರದ ಕಡೆಯವರೇ ಆದ ರಾಮಕೃಷ್ಣ ಅಡಿಗರು ಅದನ್ನು ವಹಿಸಿಕೊಂಡರು. ಮಳಿಗೆಯು ಒಂದೇ, ಒಡೆಯರು ಮೂವರು. ಆದರೆ ಹೊಸ ಒಡೆಯನು ಬಂದೊಡನೆ ಹಳೆಯ ಹಲಗೆಯನ್ನು ಕಿತ್ತು ಹಾಕಲಿಲ್ಲ, ದೋಸೆಯ ಹದವನ್ನು ಕೆಡಿಸಲಿಲ್ಲ. ಗಿರಾಕಿಯ ಪಾಲಿಗೆ ಒಡೆತನದ ಬದಲಾವಣೆಯು ಆದುದೇ ತಿಳಿಯದಂತಾಯಿತು. ನಮ್ಮ ಸಣ್ಣ ಪೇಟೆಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ. ಪ್ರತಿಯೊಬ್ಬ ಹೊಸಬನೂ ಹಿಂದಿನವನ ನೆನಪನ್ನು ಅಳಿಸುವುದರಿಂದಲೇ ತೊಡಗುತ್ತಾನೆ. ಹೆಸರು, ಮೇಜು, ತಿಂಡಿಗಳ ಪಟ್ಟಿ ಎಲ್ಲವೂ ಬದಲಾಗುತ್ತವೆ. ಹಿಂದಿನವನು ಕೂಡಿಸಿದ್ದ ಸ್ವಲ್ಪ ವಿಶ್ವಾಸವೂ ಹಲಗೆಯೊಡನೆ ಗುಜರಿಗೆ ಹೋಗುತ್ತದೆ.

ಹೋಟೆಲುಗಳ ಈ ಚರಿತ್ರೆಯಲ್ಲಿ ಹೊಗಳಿಕೆಗೆ ಅರ್ಹವಲ್ಲದ ಭಾಗವೂ ಒಂದುಂಟು. ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರೇ ಅದನ್ನು ಸೂಚಿಸುತ್ತದೆ. ಅನೇಕ ಕಡೆಗಳಲ್ಲಿ ಜಾತಿಗೊಂದು ಕೋಣೆ, ಕೆಲವರಿಗೆ ಅಂಗಳ, ಕೆಲವರಿಗೆ ಪ್ರವೇಶವೇ ಇಲ್ಲ ಎಂಬ ಸ್ಥಿತಿಯಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಇಂತಹ ತಾರತಮ್ಯವನ್ನು ನಿಷೇಧಿಸಿತು. ರಾಷ್ಟ್ರದ ಮೂಲಶಾಸನದಲ್ಲಿ ಹೋಟೆಲಿನ ಬಾಗಿಲಿಗೂ ಸ್ಥಾನ ದೊರೆತುದು ಸಣ್ಣ ಮಾತಲ್ಲ. ಇಂದು ಯಾವ ಊರಿನಲ್ಲಾದರೂ ತಿಂಡಿಯ ಅಂಗಡಿಯೊಂದು ಬೇಕೆಂದು ನಾವು ಬಯಸುವಾಗ, ಅದು ಊರಿನ ಸರ್ವರೂ ಏರತಕ್ಕ ಮೆಟ್ಟಲಾಗಿರಬೇಕೆಂಬುದೇ ಮೊದಲ ನಿಯಮ.

ಇನ್ನು ಹೂಡೆಯ ಮಾತು. ಪಡುವಲಲ್ಲಿ ಕಡಲು, ಮೂಡಲಲ್ಲಿ ಸ್ವರ್ಣಾ ನದಿ, ಬಡಗಲಲ್ಲಿ ನದಿಯೂ ಕಡಲೂ ಕೂಡುವ ಕೋಡಿ ಬೆಂಗ್ರೆಯ ಅಳಿವೆ; ಇವುಗಳ ನಡುವಿನ ಕಿರಿದಾದ ನೆಲಪಟ್ಟಿಯಲ್ಲಿ ಈ ಊರಿದೆ. ಮೊಗವೀರರೂ ಮುಸಲ್ಮಾನರೂ ಕ್ರೈಸ್ತರೂ ಇತರ ಹಿಂದೂ ಒಕ್ಕಲುಗಳೂ ನೆರೆಹೊರೆಯಾಗಿ ಬಾಳುವ ಸೀಮೆಯಿದು. ದುಡಿಯುವ ಗಂಡಸರಲ್ಲಿ ಅನೇಕರು ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇರುವ ಮನೆಗಳು ಈ ಕರಾವಳಿಯಲ್ಲಿ ಅಪರೂಪವಲ್ಲ. ಇಂತಹ ಪೇಟೆಯಲ್ಲಿ ಹೋಟೆಲು ಏಕೆ ನಿಲ್ಲುವುದಿಲ್ಲವೆಂದರೆ, ಅದಕ್ಕೆ ಮುಖ್ಯ ಪ್ರತಿಸ್ಪರ್ಧಿಯು ಎದುರಿನ ಹೋಟೆಲಲ್ಲ, ಮನೆಯ ಒಲೆ. ಮಾಟುಂಗದಲ್ಲಿ ಗಿರಾಕಿಯ ಮನೆಯು ಆರುನೂರು ಮೈಲು ದೂರದಲ್ಲಿತ್ತು. ಇಲ್ಲಿ ಅದು ಆರುನೂರು ಹೆಜ್ಜೆಯ ದೂರದಲ್ಲಿದೆ. ಮನೆಯಲ್ಲಿ ನೀರುದೋಸೆಯೂ ಮೀನಿನ ಸಾರೂ ಸಿದ್ಧವಾಗಿರುವಾಗ ಅದನ್ನೇ ಹಣ ಕೊಟ್ಟು ಉಣ್ಣುವವರು ಯಾರು? ಆದುದರಿಂದ ಹೋಟೆಲಿನವನು ಊರಿನಲ್ಲಿಲ್ಲದ ತಿಂಡಿಗಳನ್ನು ತರುತ್ತಾನೆ. ಹೊಸತರಲ್ಲಿ ಜನರು ಕುತೂಹಲದಿಂದ ಬರುತ್ತಾರೆ. ಕುತೂಹಲವು ತಣಿದ ಮೇಲೆ ಕುರ್ಚಿಗಳು ಬರಿದಾಗುತ್ತವೆ.

ಎರಡನೆಯ ಕಾರಣವು ಮಳೆ. ಜೂನ್ ಒಂದರಿಂದ ಅರುವತ್ತೊಂದು ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬಂದರವು ಮಲಗುತ್ತದೆ, ಕರಾವಳಿಯ ಕೈಯಲ್ಲಿ ಹಣದ ಓಡಾಟವು ತಗ್ಗುತ್ತದೆ. ಕಡಲ ತೀರಕ್ಕೆ ಬರುವ ಪರಸ್ಥಳದವರೂ ನಿಲ್ಲುತ್ತಾರೆ. ಬಾಡಿಗೆಯಾದರೋ ಮಳೆಗಾಲವನ್ನು ಅರಿಯದು. ಮೂರನೆಯದು ಆಳುಗಳ ಅಭಾವ. ಒಳ್ಳೆಯ ಅಡುಗೆಯವನಿಗೆ ಪಟ್ಟಣವು ಹೆಚ್ಚು ಸಂಬಳವನ್ನು ಕೊಡುತ್ತದೆ. ಅವನು ಹೊರಟ ದಿನವೇ ಹೋಟೆಲಿನ ರುಚಿಯೂ ಬಸ್ಸು ಹತ್ತುತ್ತದೆ. ಈ ಮೂರೂ ಕಾರಣಗಳು ಒಡೆಯನ ಸೋಮಾರಿತನದಿಂದ ಹುಟ್ಟಿದವುಗಳಲ್ಲ. ಮುಚ್ಚಿದ ಬಾಗಿಲನ್ನು ನೋಡಿ ‘ಅವನಿಗೆ ವ್ಯಾಪಾರ ತಿಳಿಯದು’ ಎಂದು ನಗುವವರು ಇದನ್ನು ಯೋಚಿಸಬೇಕು. ಅಂತಹ ಒಂದೊಂದು ಬಾಗಿಲಿನ ಹಿಂದೆ ಒಂದು ಮನೆಯ ಒಡವೆಯೋ ಪರದೇಶದಲ್ಲಿ ದುಡಿದು ಕೂಡಿಸಿದ ಗಂಟೋ ಕರಗಿರುತ್ತದೆ.

ಹಾಗಾದರೆ ಮಾರ್ಗವಾವುದು? ಮಯ್ಯರ ಸಂಸ್ಥೆಯ ಚರಿತ್ರೆಯೇ ಒಂದು ಸೂಚನೆಯನ್ನು ಕೊಡುತ್ತದೆ. 1975ರಲ್ಲಿ ಘೋಷಿತವಾದ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ತೀರ ಕೆಳಗೆ ಕಟ್ಟಿತು. ಆ ಬೆಲೆಗೆ ತಮ್ಮ ಗುಣಮಟ್ಟದ ತಿಂಡಿಯನ್ನು ಕೊಡುವುದು ಅಸಾಧ್ಯವಾಗಿ ಅವರು ಹೋಟೆಲನ್ನೇ ಮುಚ್ಚಬೇಕಾಯಿತು. ಆದರೆ ಕೆಲಸಗಾರರನ್ನು ಬೀದಿಗೆ ಬಿಡಲೊಲ್ಲದೆ ಸಾರಿನ ಪುಡಿ, ರವೆ ಇಡ್ಲಿಯ ಮಿಶ್ರಣ ಮೊದಲಾದುವನ್ನು ಪೊಟ್ಟಣ ಕಟ್ಟಿ ಪಕ್ಕದ ಅಂಗಡಿಯಲ್ಲಿ ಮಾರತೊಡಗಿದರು. ಕೆಲವು ವರ್ಷಗಳ ಬಳಿಕ ಹೋಟೆಲು ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರವಂತೂ ಬೆಳೆದು, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯು ಅದನ್ನು ಕೊಂಡುಕೊಳ್ಳುವಷ್ಟು ದೊಡ್ಡದಾಯಿತು. ಹೋಟೆಲು ಮಾತ್ರ ಮನೆತನದಲ್ಲಿಯೇ ಉಳಿಯಿತು. ಗಾಂಧಿಬಜಾರಿನಲ್ಲಿ ಸುಬ್ಬಮ್ಮನೆಂಬ ವಿಧವೆಯು 1948ರಲ್ಲಿ ಹಪ್ಪಳ, ಚಕ್ಕುಲಿಗಳಿಂದ ಮೊದಲುಮಾಡಿದ ವ್ಯಾಪಾರವು ಇಂದಿಗೂ ‘ಸುಬ್ಬಮ್ಮನ ಅಂಗಡಿ’ ಎಂದೇ ಪ್ರಸಿದ್ಧವಾಗಿದೆ. ಅಲ್ಲಿ ಕುಳಿತು ತಿನ್ನುವವರಿಲ್ಲ; ತೂಗಿಸಿಕೊಂಡು ಮನೆಗೆ ಒಯ್ಯುವವರೇ ಎಲ್ಲ.

ಅಮೆರಿಕಾ ಖಂಡದಲ್ಲಿ ಇಂತಹ ಅಂಗಡಿಗೆ ‘ಡೆಲಿಕಟೆಸೆನ್’ ಎಂದೂ ಹ್ರಸ್ವವಾಗಿ ‘ಡೆಲಿ’ ಎಂದೂ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿಗೆ ವಲಸೆಹೋದ ಜರ್ಮನರೂ ಯಹೂದ್ಯರೂ ತಮ್ಮ ಊರಿನ ಉಪ್ಪಿನಕಾಯಿ, ಉಪ್ಪುಹಾಕಿದ ಮಾಂಸ, ರೊಟ್ಟಿಗಳನ್ನು ತೂಕದಿಂದ ಮಾರಲು ಇವನ್ನು ತೆರೆದರು. 1888ರಲ್ಲಿ ಸ್ಥಾಪಿತವಾದ ಕಾಟ್ಸ್ ಎಂಬವರ ಅಂಗಡಿಯು ಅನೇಕ ಕೈಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ. ಮನೆಯ ಒಲೆಯೊಡನೆ ಸ್ಪರ್ಧಿಸದೆ ಅದಕ್ಕೆ ನೆರವಾಗುವುದು ಇದರ ಗುಟ್ಟು.

ಹೂಡೆಯಲ್ಲಿ ಇಂತಹ ಅಂಗಡಿಗೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ, ಮಿಡಿ ಉಪ್ಪಿನಕಾಯಿ, ಕೋರಿರೊಟ್ಟಿ, ಒಣಮೀನು, ಸಿಗಡಿಯ ಚಟ್ನಿ, ಮುಂಜಾನೆಯ ದೋಸೆಯ ಹಿಟ್ಟು, ರಮ್ಜಾನಿನ ಮತ್ತು ಕ್ರಿಸ್ಮಸಿನ ತಿನಿಸುಗಳು, ಅಷ್ಟಮಿಯ ಉಂಡೆ ಚಕ್ಕುಲಿಗಳು ಇವೆಲ್ಲವನ್ನೂ ಬಲ್ಲ ಕೈಗಳು ಊರಿನ ಮನೆಮನೆಯಲ್ಲಿವೆ. ಈ ಪದಾರ್ಥಗಳಲ್ಲಿ ಹೆಚ್ಚಿನವನ್ನು ಬೇಸಿಗೆಯ ಬಿಸಿಲಿನಲ್ಲಿ ಮಾಡಿ ಮಳೆಗಾಲದಲ್ಲಿ ಮಾರಬಹುದು. ಹೋಟೆಲನ್ನು ಕೊಲ್ಲುವ ಆಷಾಢವೇ ಇವುಗಳಿಗೆ ಸುಗ್ಗಿ. ಒಬ್ಬ ಅಡುಗೆಯವನು ಹೊರಟುಹೋದರೆ ಅಂಗಡಿ ಮುಚ್ಚಬೇಕಾಗಿಲ್ಲ. ಹತ್ತು ಮನೆಗಳ ಕೈರುಚಿಯು ಅದಕ್ಕೆ ಆಧಾರವಾಗಿರುತ್ತದೆ. ರಜೆಗೆ ಬಂದವರು ಮುಂಬಯಿಗೋ ಕೊಲ್ಲಿಗೋ ಹಿಂದಿರುಗುವಾಗ ಒಯ್ಯುವ ಗಂಟು ಇಲ್ಲಿಯೇ ಕಟ್ಟಲ್ಪಡುವುದು. ಬದಿಯಲ್ಲಿ ನಾಲ್ಕು ಕುರ್ಚಿಗಳೂ ಒಂದು ಕಾಫಿಯ ಪಾತ್ರೆಯೂ ಇದ್ದರೆ ದಾರಿಹೋಕನಿಗೂ ಸಾಲುವುದು.

ಇದಕ್ಕೆ ಕೆಲವು ಕಟ್ಟುಪಾಡುಗಳು ಅವಶ್ಯ. 2006ರ ಆಹಾರ ಸುರಕ್ಷತೆಯ ಕಾನೂನಿನಂತೆ ನೋಂದಣಿ ಬೇಕು. ಮಾಡಿದ ದಿನವನ್ನು ಪೊಟ್ಟಣದ ಮೇಲೆ ಬರೆಯಬೇಕು. ಸಸ್ಯಾಹಾರವೂ ಮೀನೂ ಬೇರೆಬೇರೆ ಕಪಾಟುಗಳಲ್ಲಿರಬೇಕು. ಮಾಡಿಕೊಟ್ಟ ಹೆಂಗಸಿಗೆ ಮಾರಾಟವಾದೊಡನೆ ಹಣವು ಸಲ್ಲಬೇಕು. ಮಳಿಗೆಯ ಒಡೆಯನು ಮಳೆಯ ಎರಡು ತಿಂಗಳುಗಳಲ್ಲಿ ಬಾಡಿಗೆಯನ್ನು ಅರ್ಧಕ್ಕೆ ಇಳಿಸುವುದು ಅವನಿಗೂ ಲಾಭವೇ; ವರ್ಷಕ್ಕೊಮ್ಮೆ ಬರಿದಾಗುವ ಮಳಿಗೆಯಿಂದ ಬರುವುದಕ್ಕಿಂತ ಅದು ಹೆಚ್ಚೇ ಆದೀತು.

ಅಜ್ಜಿಯಂದಿರ ಕೈಯಲ್ಲಿರುವ ಈ ವಿದ್ಯೆಯು ಪುಸ್ತಕದಲ್ಲಿಲ್ಲ. ಅದಕ್ಕೆ ಬೆಲೆ ಕೊಡುವ ಸ್ಥಳವಿಲ್ಲದೆ ಹೋದರೆ ಮೊಮ್ಮಕ್ಕಳು ಅದನ್ನು ಕಲಿಯಲಾರರು. ದೂರದ ಪಟ್ಟಣಗಳಿಗೆ ಅನ್ನವನ್ನಿಕ್ಕಿ ಹೆಸರಾದ ಸೀಮೆಯು ತನ್ನ ಮಕ್ಕಳಿಗೆ ಹಪ್ಪಳವನ್ನು ಬೇರೆ ಊರಿನಿಂದ ತರಿಸಿಕೊಡುವ ಕಾಲವು ಬಾರದಿರಲಿ. ಊರಿನ ಮಹಿಳಾ ಸಂಘಗಳೂ ಸಹಕಾರಿ ಸಂಸ್ಥೆಗಳೂ ಈ ವಿಷಯವನ್ನು ಆಲೋಚಿಸಿ, ಬರಿದಾಗಿರುವ ಮಳಿಗೆಯೊಂದನ್ನು ಮುಂದಿನ ಬೇಸಿಗೆಯೊಳಗೆ ಹಿಡಿಯುವುದು ಲೇಸು. ಹಪ್ಪಳಕ್ಕೆ ಬಿಸಿಲು ಕಾಯುವುದಿಲ್ಲ.